ಬದಲಿ ಬರುವ ತನಕ

ಕೊಲಂಬೊ

ಕೊಲಂಬೊದಲ್ಲಿ ನಾನು ಇಳಿದೆ, ನನ್ನ ಸೂಟ್‌ಕೇಸು ಇಳಿಯಲಿಲ್ಲ.

ಸಾಮಾನು ಬರುವ ಜಾಗದಲ್ಲಿ ಒಂದು ತಾಸು ನಿಂತಿದ್ದೆ. ಉಳಿದವರ ಪೆಟ್ಟಿಗೆಗಳೆಲ್ಲ ಸುತ್ತಿ ಸುತ್ತಿ ತಮ್ಮತಮ್ಮವರ ಕೈ ಸೇರಿದವು. ಕೊನೆಗೆ ಯಾವುದೋ ಮಗುವಿನ ಒಂದೇ ಒಂದು ಚಪ್ಪಲಿ ತಿರುಗುತ್ತಿತ್ತು. ನನ್ನದು ಚೆನ್ನೈನಲ್ಲೇ ಉಳಿದಿದೆ, ಎರಡು ದಿನದಲ್ಲಿ ಬರುತ್ತದೆ ಎಂದು ಕೌಂಟರಿನ ಹುಡುಗಿ ಮುಗುಳ್ನಗುತ್ತ ಹೇಳಿದಳು. ಆ ಸೂಟ್‌ಕೇಸನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೊಂಡಿದ್ದೆ. ಅಂಗಡಿಯ ಚಾಚಾ ಅದರ ಮೇಲೆ ತಾನೇ ಹತ್ತಿ ನಿಂತು, ಆನೆ ತುಳಿದರೂ ಏನೂ ಆಗುವುದಿಲ್ಲ ಎಂದು ತೋರಿಸಿದ್ದ. ಕಳೆದುಹೋಗುವುದಿಲ್ಲ ಎಂದೇನೂ ಅವನು ಹೇಳಿರಲಿಲ್ಲ. ಒಳಗೆ ನಾಲ್ಕು ಸೀರೆ, ಸಜ್ಜೆ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಮತ್ತು ಮರುದಿನ ನಾನು ಓದಬೇಕಾಗಿದ್ದ ಭಾಷಣ ಇದ್ದವು. ಭಾಷಣವನ್ನು ಸತ್ಯನಾರಾಯಣಪೇಟೆಯ ನನ್ನ ಗೆಳತಿ, ಹೈಸ್ಕೂಲಿನ ಇಂಗ್ಲಿಷ್ ಮೇಡಂ, ಒಂದು ವಾರ ಕೂತು ಬರೆದುಕೊಟ್ಟಿದ್ದಳು.

ನಾನು ಕುರುಗೋಡಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹೆಸರು ಅನ್ನಪೂರ್ಣ. ಶಿಕ್ಷಕರ ಸಂಘದ ಜಿಲ್ಲಾ ಘಟಕದಲ್ಲಿ ಮಹಿಳಾ ಕಾರ್ಯದರ್ಶಿ. ಅಕ್ಕಪಕ್ಕದ ದೇಶಗಳ ಶಿಕ್ಷಕಿಯರೆಲ್ಲ ಸೇರಿ ತಮ್ಮ ಸಂಘಗಳ ಬಗ್ಗೆ ಮಾತಾಡುವ ಒಂದು ಸಭೆಗೆ ನಮ್ಮ ಕಡೆಯಿಂದ ಒಬ್ಬರು ಹೋಗಬೇಕಿತ್ತು. ಹೋಗಬೇಕಾದವರಿಗೆ ಮಗಳ ಬಾಣಂತನ ಬಂತು. ಉಳಿದವರಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ಅದೂ ಯಾವಾಗಲೋ ನಾದಿನಿ ದುಬೈಗೆ ಕರೆದಳೆಂದು ಮಾಡಿಸಿ, ಹೋಗದೆ ಬಿಟ್ಟದ್ದು.

ಹೊರಗೆ ನನ್ನನ್ನು ಕರೆದೊಯ್ಯಲು ಪುಷ್ಪರಾಣಿ ಬಂದಿದ್ದರು. ನನ್ನಷ್ಟೇ ವಯಸ್ಸು, ನನಗಿಂತ ಗೇಣು ಎತ್ತರ, ಕೈಯಲ್ಲಿ ಗಂಡಸರ ಕಪ್ಪು ಕೊಡೆ. ಬೆಟ್ಟದ ಕಡೆಯ ಟೀ ತೋಟದ ಶಾಲೆಯೊಂದರಲ್ಲಿ ಅವರು ತಮಿಳು ಮಾಧ್ಯಮದ ಶಿಕ್ಷಕಿ, ಅಲ್ಲಿನ ಸಂಘದ ಶಾಖೆಗೆ ಕಾರ್ಯದರ್ಶಿ. ನಮ್ಮ ಬಳ್ಳಾರಿ ಕಡೆಯವರಿಗೆ ತೆಲುಗು ಹುಟ್ಟಿನಿಂದ ಬಂದಂತೆ ಬರುತ್ತದೆ, ತಮಿಳು ಬರುವುದಿಲ್ಲ. ಅವರ ತಮಿಳು, ನನ್ನ ಕನ್ನಡ ಮತ್ತು ತೆಲುಗು, ಇಬ್ಬರ ಮುರುಕು ಇಂಗ್ಲಿಷು ಸೇರಿ ಒಂದು ಭಾಷೆಯಾಯಿತು. ಅವರು ಆಡಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅವರು ತಮ್ಮದೊಂದು ನೀಲಿ ಸೀರೆ ಕೊಟ್ಟರು. ಕುಪ್ಪಸ ಮಾತ್ರ ನನ್ನ ಮೈಮೇಲೆ ಚೀಲದಂತೆ ಜೋತುಬಿತ್ತು. ಪಿನ್ನಿನ ಮೇಲೆ ಪಿನ್ನು ಚುಚ್ಚಿ ಒಂದು ಆಕಾರಕ್ಕೆ ತಂದರು. ಜೋರಾಗಿ ಉಸಿರು ತೆಗೆದುಕೊಳ್ಳಬೇಡಿ ಎಂದು ಎಚ್ಚರಿಸಿದರು.

ಸಭೆ

ಸಭಾಂಗಣದ ತುಂಬ ಸೀರೆ ಉಟ್ಟ ಟೀಚರುಗಳು. ಅಲ್ಲಿನ ಸಿಂಹಳದವರು ನೆರಿಗೆಯನ್ನು ಸೊಂಟದ ಹತ್ತಿರ ಹೊರಗೆ ಮಡಿಸಿ ಉಡುತ್ತಾರೆ. ನೋಡಲು ಚೆಂದ. ನಾನು ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದೆ.

ಕಾಗದವಿಲ್ಲದೆ ವೇದಿಕೆ ಹತ್ತಿದೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಮಾತಾಡಿದೆ. ಪುಷ್ಪರಾಣಿ ಪಕ್ಕದಲ್ಲಿ ನಿಂತು ತಮಿಳಿಗೂ ಸಿಂಹಳಕ್ಕೂ ತಿರುಗಿಸುತ್ತ ಹೋದರು. ಮೊದಲು ನಮ್ಮ ಹಳೆಯ ಸಂಗತಿಯೊಂದನ್ನು ಹೇಳಿದೆ. ಬಿಸಿಯೂಟದ ಅಕ್ಕಿಯಲ್ಲಿ ಹುಳ ಇದೆ ಎಂದು ಬರೆದುಕೊಟ್ಟ ತಪ್ಪಿಗೆ ಒಬ್ಬ ಟೀಚರನ್ನು ಅಮಾನತು ಮಾಡಿದ್ದರು. ಬಳ್ಳಾರಿಯ ಬೇಸಿಗೆಯಲ್ಲಿ, ಶಿಕ್ಷಣ ಇಲಾಖೆಯ ಕಚೇರಿಯ ಎದುರು ಶಾಮಿಯಾನದ ಕೆಳಗೆ, ನಾವು ಒಂಬತ್ತು ದಿನ ಧರಣಿ ಕೂತೆವು. ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಏಳು ತಿಂಗಳ ಬಸುರಿ. ಹತ್ತನೆಯ ದಿನ ಆ ಟೀಚರು ವಾಪಸು ಶಾಲೆಗೆ ಹೋದರು, ಅಕ್ಕಿಯೂ ಬದಲಾಯಿತು. ಸಂಘ ಎಂದರೆ ನನಗೆ ಇವತ್ತಿಗೂ ಆ ಶಾಮಿಯಾನ. ಇದನ್ನು ಹೇಳುವಾಗ ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ವರ್ಗಾವಣೆಯ ವಿಷಯ. ಮೊದಲೆಲ್ಲ ಕೈ ಹಿಡಿಯುವವರು ಇದ್ದವರಿಗೆ ಮಾತ್ರ ವರ್ಗ ಸಿಗುತ್ತಿತ್ತು. ಸಂಘ ಹೋರಾಡಿ ವರ್ಗ ಕೇಳಿದವರೆಲ್ಲರ ಸರದಿ ಪಟ್ಟಿಯನ್ನು ಬಹಿರಂಗ ಮಾಡಿಸಿತು. ಅದರ ಫಲ ನಾನೇ ಎಂದೆ. ಸಿರುಗುಪ್ಪದಾಚೆ ಹಗರಿ ದಂಡೆಯ ಒಂದು ಕ್ಯಾಂಪಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೆ. ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಊರನ್ನು ನಮ್ಮ ಕಡೆ ಕ್ಯಾಂಪು ಎನ್ನುತ್ತಾರೆ. ದಿನಾ ಎರಡು ಬಸ್ಸು, ಒಂದು ಟಂಟಂ ಆಟೋ ಬದಲಿಸಬೇಕಿತ್ತು. ಮೊಣಕಾಲು ಸವೆದವು. ಮಗ ಹತ್ತನೇ ಕ್ಲಾಸಿಗೆ ಬಂದದ್ದು ನನಗೆ ತಿಳಿದದ್ದೇ ಅವನ ಧ್ವನಿ ಒಡೆದಾಗ. ಕೊನೆಗೆ ಕುರುಗೋಡಿಗೆ ವರ್ಗವಾಯಿತು, ಈಗ ಮನೆಯಿಂದ ಶಾಲೆಗೆ ನಡೆದು ಹೋಗುತ್ತೇನೆ. ಮತ್ತೆ ಚಪ್ಪಾಳೆ.

ಹಿಂದಿನ ಸಾಲಿನಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಟೀಚರು ಎದ್ದು ನಿಂತಳು. ಅಣಕಿಸುವ ದನಿಯೇನೂ ಅಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ.

“ನೀವು ಬಿಟ್ಟ ಶಾಲೆಗೆ ಯಾರು ಬಂದರು?”

ಅತಿಥಿ ಶಿಕ್ಷಕಿ ಒಬ್ಬಳು ಇದ್ದಾಳೆ ಎಂದೆ. ಅತಿಥಿ ಅಂದರೇನು ಎಂದು ಪುಷ್ಪರಾಣಿ ನನ್ನನ್ನೇ ಕೇಳಿದರು. ಕಾಯಂ ಅಲ್ಲ, ವರ್ಷ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದೆ.

“ಅವಳು ನಿಮ್ಮ ಸಂಘದಲ್ಲಿ ಇದ್ದಾಳೆಯೇ?”

ಇಲ್ಲ ಎಂದೆ. ಕಾಯಂ ಆದವರಿಗೆ ಮಾತ್ರ ಸದಸ್ಯತ್ವ. ಹುಡುಗಿ ತಲೆಯಾಡಿಸಿ ಕೂತಳು. ಯಾರೂ ನನ್ನನ್ನು ಬೈಯಲಿಲ್ಲ, ಬದಲಿಗೆ ಬಾಳೆಲೆಯಲ್ಲಿ ಸುತ್ತಿದ ಅನ್ನ, ಬೇಳೆ, ಕೊಬ್ಬರಿ ಚಟ್ನಿ ಕೊಟ್ಟು ಉಪಚಾರ ಮಾಡಿದರು. ಖಾರದಲ್ಲಿ ಅವರು ನಮಗೆ ಸೋಲುವವರಲ್ಲ. ಕುಪ್ಪಸದ ಪಿನ್ನೊಂದು ಬಿಚ್ಚಿಕೊಂಡು ಬೆನ್ನಿಗೆ ಚುಚ್ಚುತ್ತಿತ್ತು. ಯಾರಿಗೂ ಹೇಳದೆ ಸಂಜೆಯ ತನಕ ಹಾಗೇ ಕೂತಿದ್ದೆ.

ಬೆಟ್ಟದ ರೈಲು

ಸಭೆ ಮುಗಿದ ಮೇಲೆ ಎರಡು ದಿನ ಯಾರಾದರೊಬ್ಬ ಟೀಚರ ಮನೆಯಲ್ಲಿ ಇರಬೇಕೆಂಬ ಏರ್ಪಾಡಿತ್ತು. ನಾನು ಪುಷ್ಪರಾಣಿಯ ಹಿಂದೆ ಬೆಟ್ಟದ ರೈಲು ಹತ್ತಿದೆ. ಅಷ್ಟರಲ್ಲಿ ಸೂಟ್‌ಕೇಸೂ ಬಂದು ಸೇರಿತ್ತು. ಚಟ್ನಿಪುಡಿಯ ಚೀಲ ಒಡೆದು ಭಾಷಣವೆಲ್ಲ ಕೆಂಪಾಗಿತ್ತು.

ಬುಟ್ಟಿ ಹೊತ್ತವನೊಬ್ಬ ಬಿಸಿ ವಡೆ ಮಾರುತ್ತ ಬಂದ. ಊರಿನ ಮಿರ್ಚಿ, ಮಂಡಕ್ಕಿ ಒಗ್ಗರಣೆ ನೆನೆದು ನನ್ನ ಬಾಯಲ್ಲಿ ನೀರೂರಿತ್ತು. ತೆಗೆದುಕೊಂಡು ಬಾಯಿ ಹತ್ತಿರ ಒಯ್ದವಳು ನಿಲ್ಲಿಸಿದೆ. ವಡೆಗೆ ಮೀಸೆ ಇತ್ತು. ಮೇಲೆ ಸಿಗಡಿ ಕೂರಿಸಿ ಕರಿದಿದ್ದರು. ನಾನು ಮಾಂಸ ಮೀನು ತಿನ್ನುವವಳಲ್ಲ ಎಂದಾಗ ಪುಷ್ಪರಾಣಿ ಮೀಸೆಯವನನ್ನು ಕಿತ್ತು ತಮ್ಮ ಬಾಯಿಗೆ ಹಾಕಿಕೊಂಡು, ಉಳಿದ ವಡೆಯನ್ನು ನನ್ನ ಕೈಗಿಟ್ಟರು. ಈಗ ಇದು ಶುದ್ಧ ಸಸ್ಯಾಹಾರಿ ಎಂದರು. ಇಬ್ಬರೂ ನಕ್ಕೆವು. ನಾನು ಆ ವಡೆಯನ್ನು ತಿನ್ನಲೂ ಇಲ್ಲ, ಬಿಸಾಡಲೂ ಇಲ್ಲ. ಕಾಗದದಲ್ಲಿ ಹಿಡಿದುಕೊಂಡೇ ಮೂರು ಸುರಂಗ ದಾಟಿದೆ.

ರೈಲು ಏರುತ್ತ ಹೋದಂತೆ ಗಾಳಿ ತಣ್ಣಗಾಯಿತು. ಎಲ್ಲಿ ನೋಡಿದರೂ ಹಸಿರು, ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡಗಳು. ಉಳಿದ ಪ್ರಯಾಣಿಕರು ಫೋಟೋ ತೆಗೆಯುತ್ತಿದ್ದರು. ನನಗೆ ಕುರುಗೋಡಿನ ಬೋಳು ಬಂಡೆಗುಡ್ಡ ನೆನಪಾಯಿತು. ಮಧ್ಯಾಹ್ನದ ಬಿಸಿಲಿಗೆ ಆ ಬಂಡೆಗಳಿಂದ ಏಳುವ ಝಳ, ಅದರ ವಾಸನೆ. ಬಿಸಿಲಿಗಾಗಿಯೂ ಮನುಷ್ಯ ಹಂಬಲಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಯೇ ಪುಷ್ಪರಾಣಿ ತಮ್ಮ ಸಂಗತಿ ಹೇಳಿದರು. ಅವರು ಹುಟ್ಟಿದ್ದು ಈಗ ಪಾಠ ಹೇಳುವ ತೋಟದಲ್ಲೇ, ಕೂಲಿಯವರ ಸಾಲುಮನೆಯಲ್ಲಿ. ತಾಯಿ ಎಲೆ ಬಿಡಿಸುವವರು. ಮದುವೆಯಾಗಿ ಸೇರಿದ್ದು ಪೂರ್ವ ಕರಾವಳಿಯ ಮಟ್ಟಕ್ಕಳಪ್ಪು ಎಂಬ ಊರನ್ನು. ಗಂಡ ಅಂಚೆ ಕಚೇರಿಯಲ್ಲಿದ್ದಾರೆ, ಒಬ್ಬಳೇ ಮಗಳು ಒಂಬತ್ತನೇ ಕ್ಲಾಸು, ಅಪ್ಪನ ಜೊತೆ ಅಲ್ಲೇ. ಇವರು ವರ್ಷಕ್ಕೆ ಮೂರು ಸಲ, ರಜೆಗೆ ಮಾತ್ರ ಮನೆಗೆ ಹೋಗುತ್ತಾರೆ.

ವರ್ಗ ಕೇಳಲಿಲ್ಲವೇ ಎಂದೆ. ಕೇಳಿದ್ದರು, ಸಿಕ್ಕಿತ್ತು ಕೂಡ. ಎರಡು ಸಲ ಆದೇಶ ಬಂದು ಬೀರುವಿನಲ್ಲಿ ಕೂತಿದೆ. ತಮ್ಮ ಶಾಖೆಯವರು ಕೆಲವು ವರ್ಷಗಳ ಹಿಂದೆ ಒಂದು ಮಾತು ಮಾಡಿಕೊಂಡಿದ್ದಾರಂತೆ. ಬೆಟ್ಟದ ಶಾಲೆ ಬಿಡುವ ಯಾರೇ ಆಗಲಿ, ಬದಲಿ ಟೀಚರು ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ತನಕ ಬಿಟ್ಟು ಹೋಗಬಾರದು. ಇಲಾಖೆಯ ಕಾನೂನಲ್ಲ. ಇಲಾಖೆ ನಾಳೆಯೇ ಬಿಡುತ್ತದೆ. ತಮ್ಮೊಳಗಿನ ಮಾತು, ಅಷ್ಟೇ.

ಆ ಮಾತನ್ನು ತಂದವರು ಯಾರು ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು.

“ನಾನೇ. ಬೇರೆಯವರಾಗಿದ್ದರೆ ಬೈಯಬಹುದಿತ್ತು.”

ಶಾಲೆ

ಮರುದಿನ ಅವರ ಶಾಲೆ ನೋಡಿದೆ. ತೋಟದ ನಡುವೆ ಉದ್ದನೆಯ ಕಟ್ಟಡ, ಎದುರಿಗೆ ಇಳಿಜಾರು. ಚೆಂಡು ಕೈತಪ್ಪಿದರೆ ಕೆಳಗಿನ ತೋಟದ ತನಕ ಓಡುತ್ತದೆ. ಮಕ್ಕಳೆಲ್ಲ ಬಿಳಿ ಸಮವಸ್ತ್ರ. ಆ ಮಳೆ, ಆ ಕೆಸರಿನಲ್ಲಿ ತಾಯಂದಿರು ಅದನ್ನು ಹೇಗೆ ಬೆಳ್ಳಗೆ ಇಡುತ್ತಾರೋ. ನಮ್ಮ ಕರಿಮಣ್ಣಿನಲ್ಲಿ ಹದಿನೈದು ನಿಮಿಷ ನಿಲ್ಲದು.

ಪುಷ್ಪರಾಣಿ ಕಲಿತದ್ದೂ ಇದೇ ಶಾಲೆಯಲ್ಲಿ. ಆಗ ಇದೊಂದು ತಗಡಿನ ಕೊಟ್ಟಿಗೆ. ಕೆಳಗಿನಿಂದ ಟೀಚರು ಬರುವರು, ಚಳಿಗೆ ಹೆದರಿ ಎರಡು ತಿಂಗಳಿಗೆ ಹೋಗುವರು. ಹೊಸಬರು ಬಂದಾಗ ಮತ್ತೆ ಮೊದಲ ಪಾಠದಿಂದ ಶುರು. “ಮೊದಲ ಪಾಠ ನಾನು ಐದು ಸಲ ಕಲಿತೆ. ಎರಡನೆಯದನ್ನು ಅಪ್ಪ ಟೀ ಫ್ಯಾಕ್ಟರಿಯ ಗುಮಾಸ್ತನ ಹತ್ತಿರ ಕೂರಿಸಿ ಕಲಿಸಿದರು.” ಶಾಖೆಯ ಸಭೆಯಲ್ಲಿ ಬದಲಿಯ ಮಾತನ್ನು ಅವರು ತಂದದ್ದು ಆ ಐದು ಸಲದ ಸಿಟ್ಟಿನಿಂದ.

ಅವರು ಮಹಾತ್ಯಾಗಿಯಂತೇನೂ ನಡೆದುಕೊಳ್ಳುತ್ತಿರಲಿಲ್ಲ. ಮಕ್ಕಳ ಮೇಲೆ ರೇಗುತ್ತಿದ್ದರು. ಬದಲಿಗೆ ಬರಲು ಒಪ್ಪದ ಕೆಳಗಿನ ಟೀಚರುಗಳನ್ನು ಹೆಸರು ಹಿಡಿದು ಶಪಿಸುತ್ತಿದ್ದರು. ಸಂಘದ ದೊಡ್ಡ ನಾಯಕರು ಸಂಬಳದ ಮಾತಿಗೆ ಕೊಡುವ ಗಂಟಲನ್ನು ಬೆಟ್ಟದ ಶಾಲೆಗೆ ಕೊಡುವುದಿಲ್ಲ ಎಂದೂ ದೂರಿದರು. ಇದು ನಮ್ಮಲ್ಲಿಯೂ ಇರುವ ದೂರೇ. ಆದರೆ ಗಂಟೆ ಬಾರಿಸಿದ ತಕ್ಷಣ ತರಗತಿಗೆ ನಡೆದರು, ಹಲಗೆಯ ಮೇಲೆ ಆವತ್ತಿನ ಪಾಠದ ಹೆಸರು ಬರೆದರು. ಇಪ್ಪತ್ತೆರಡನೆಯ ಪಾಠ.

ಸಂಜೆ ನಾಲ್ಕಕ್ಕೆ ಅವರು ಕೊಡೆ ಹಿಡಿದು ಹೊರಟರು, ನಾನೂ ಜೊತೆಗೆ. ಆ ಬೆಟ್ಟದಲ್ಲಿ ಫೋನು ಸಿಗುವುದು ಫ್ಯಾಕ್ಟರಿಯ ತಿರುವಿನಲ್ಲಿ ಮಾತ್ರ. ಅಲ್ಲಿ ನಿಂತು ದಿನಾ ಮಗಳಿಗೆ ವಿಡಿಯೊ ಕರೆ ಮಾಡುತ್ತಾರೆ. ಹುಡುಗಿ ಗಣಿತದ ಲೆಕ್ಕವೊಂದನ್ನು ಕ್ಯಾಮೆರಾಕ್ಕೆ ಹಿಡಿದಳು. ಅಮ್ಮನಿಗೆ ಬರಲಿಲ್ಲ, ಫೋನು ನನ್ನ ಕೈಗೆ ಬಂತು. ಬೆರಳಿನಿಂದ ಗಾಳಿಯಲ್ಲಿ ತ್ರಿಕೋನ ಬರೆದು ತೋರಿಸುತ್ತಿದ್ದೆ. ಮುಗಿಯುವ ಮೊದಲೇ ಚಿತ್ರ ನಿಂತು, ಅವಳ ತೆರೆದ ಬಾಯಿ ಹಾಗೇ ಉಳಿಯಿತು. ಮಂಜು ಬಂದರೆ ಹೀಗೆಯೇ ಎಂದರು ಪುಷ್ಪರಾಣಿ. ಆದರೂ ಫೋನನ್ನು ಬಹಳ ಹೊತ್ತು ಎತ್ತಿ ಹಿಡಿದೇ ಇದ್ದರು.

ಮರಳುವ ದಾರಿಯಲ್ಲಿ ತಾವಾಗಿಯೇ ಮಾತಾಡಿದರು.

“ಮೊದಲು ದಿನಾ ಕೇಳುತ್ತಿದ್ದಳು, ಅಮ್ಮಾ ಯಾವಾಗ ಬರುತ್ತೀ ಅಂತ. ಈ ವರ್ಷ ಕೇಳುವುದು ಬಿಟ್ಟಿದ್ದಾಳೆ.”

ನನ್ನ ಎದೆಯಲ್ಲಿದ್ದದ್ದು ಆಗ ಹೊರಬಂತು. ಹಗರಿ ದಂಡೆಯ ಶಾಲೆ ಬಿಟ್ಟ ದಿನ ನಾನು ಮಕ್ಕಳಿಗೆ ನಿಜ ಹೇಳಿರಲಿಲ್ಲ. ಬಿಡುಗಡೆ ಆದೇಶ ಚೀಲದಲ್ಲಿತ್ತು. ಟ್ರೇನಿಂಗ್ ಇದೆ, ಹೋಗಿ ಬರುತ್ತೇನೆ ಎಂದೆ. ನಮಗೆ ಆಗಾಗ ಟ್ರೇನಿಂಗ್ ಇರುವುದರಿಂದ ಯಾರೂ ಸಂಶಯಪಡಲಿಲ್ಲ. ನಾನು ಟಂಟಂ ಏರುವಾಗ, ತಿರುಗಿ ಬರುವಾಗ ಪೇರಲಹಣ್ಣು ತರುತ್ತೀರಾ ಎಂದು ಮಕ್ಕಳು ತೆಲುಗಿನಲ್ಲಿ ಕೂಗಿದರು. ಆ ಹನ್ನೊಂದು ವರ್ಷ ದಿನಾ ಮನೆಗಾಗಿ ಹಂಬಲಿಸಿದೆ. ಮನೆ ಸೇರಿದ ಮೇಲೆ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಕುರುಗೋಡಿನ ಶಾಲೆಯ ಅಂಗಳದಲ್ಲಿ ನಿಂತು, ಆ ಮಕ್ಕಳು ಕನ್ನಡದ ಪದ್ಯವನ್ನು ತೆಲುಗಿನ ಧಾಟಿಯಲ್ಲಿ ಎಳೆದೆಳೆದು ಹೇಳುತ್ತಿದ್ದದ್ದನ್ನು ನೆನೆಯುತ್ತೇನೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಅಷ್ಟು ಬಡಿದಾಡಿ ಪಡೆದ ವರ್ಗ, ಈಗ ಹೀಗೆಂದರೆ ಯಾರು ನಗುವುದಿಲ್ಲ?

ಪುಷ್ಪರಾಣಿ ನಗಲಿಲ್ಲ. ನಿಂತು ನನ್ನ ಸೀರೆಯ ಅಂಚಿನಿಂದ ಜಿಗಣೆಯೊಂದನ್ನು ಕಿತ್ತು ಒಗೆದರು. ನೀವು ಮನೆಯಲ್ಲಿದ್ದೀರಿ, ನಾನು ಶಾಲೆಯಲ್ಲಿದ್ದೇನೆ, ಇಬ್ಬರೂ ಅರ್ಧರ್ಧ ಎಂದರು.

ಸಿರುಗುಪ್ಪ

ಊರಿಗೆ ಬಂದ ತಿಂಗಳಿಗೆ ಸಂಘದ ಜಿಲ್ಲಾ ಸಭೆ ಸಿರುಗುಪ್ಪದಲ್ಲಿ ಇತ್ತು. ವಿದೇಶ ಪ್ರವಾಸದ ಅನುಭವ ಹೇಳಬೇಕೆಂದು ಪತ್ರ ಬಂತು. ನಾನು ಹುಲಿಗೆಮ್ಮನಿಗೆ ಫೋನು ಮಾಡಿದೆ. ನನ್ನ ನಂತರ ಹಗರಿ ದಂಡೆಯ ಶಾಲೆಯನ್ನು ನಡೆಸುತ್ತಿರುವ ಅತಿಥಿ ಶಿಕ್ಷಕಿ ಅವಳು. ಅದೇ ಊರಿನ ಕೂಲಿಕಾರರ ಮಗಳು, ಬಿ.ಎಡ್. ಮಾಡಿಕೊಂಡಿದ್ದಾಳೆ. ಐದು ತರಗತಿಗಳಿಗೂ ಅವಳೇ. ಸಭೆಗೆ ಬಾ ಎಂದರೆ ಹೆದರಿದಳು. “ನಾ ಮೆಂಬರ್ ಅಲ್ಲಲ್ರಿ ಮೇಡಂ, ಯಾರರ ಎಬ್ಬಿಸಿ ಕಳಿಸಿದ್ರ?” ಎಬ್ಬಿಸಿದರೆ ಇಬ್ಬರೂ ಏಳೋಣ ಎಂದೆ. ಬಂದಳು. ಹಿಂದಿನ ಗೋಡೆಗೆ ಒರಗಿ ನಿಂತಳು, ಕುರ್ಚಿ ಇದ್ದರೂ ಕೂರಲಿಲ್ಲ.

ಸೂಟ್‌ಕೇಸಿನ ಕತೆಗೆ ಸಭೆ ನಕ್ಕಿತು, ಮೀಸೆಯ ವಡೆಗೆ ಇನ್ನೂ ಜೋರಾಗಿ ನಕ್ಕಿತು. ನಂತರ ಬೆಟ್ಟದ ಶಾಖೆಯ ಮಾತನ್ನು ಹೇಳಿ, ನಾವೂ ಅಂಥದೊಂದು ಮಾಡಿಕೊಳ್ಳೋಣ ಎಂದೆ. ಬದಲಿ ಬರುವ ತನಕ ಶಾಲೆಯನ್ನು ಖಾಲಿ ಬಿಟ್ಟು ಹೋಗುವುದು ಬೇಡ. ಬದಲಿ ಕೊಡಿಸುವುದಕ್ಕೆ ಸಂಘವೇ ಧರಣಿ ಕೂರಲಿ. ಮಕ್ಕಳು ಕಡಿಮೆಯಾದರೆಂದು ಮೊನ್ನೆ ಮೊನ್ನೆ ಎರಡು ಶಾಲೆಗಳನ್ನು ಪಕ್ಕದೂರಿಗೆ ಸೇರಿಸುವ ಮಾತು ನಡೆದಿದೆಯಲ್ಲ, ಟೀಚರೇ ಇಲ್ಲದ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು ಎಂದು ಕೇಳಿದೆ.

ನಗು ನಿಂತುಹೋಯಿತು. ಅಧ್ಯಕ್ಷ ಮಲ್ಲಿಕಾರ್ಜುನ ಸರ್ ಒಳ್ಳೆಯ ಮನುಷ್ಯ. ಶಾಮಿಯಾನದ ಆ ಒಂಬತ್ತು ದಿನ ನನಗೆ ಎಳನೀರು ತಂದುಕೊಟ್ಟವರು. ಅವರು ಮೆಲ್ಲಗೆ ಕೇಳಿದರು.

“ಮೇಡಂ, ನೀವು ಮನಿ ಮುಟ್ಟಿ ಆತು. ಈಗ ಹಿಂದ ಬರೋರಿಗೆ ಬಾಗಲಾ ಹಾಕ್ರಿ ಅಂತೀರೇನು?”

ಕೆಲವರು ತಲೆದೂಗಿದರು. ಅವರಲ್ಲಿ ಹತ್ತು ವರ್ಷದಿಂದ ವರ್ಗಕ್ಕೆ ಕಾದಿರುವ ಇಬ್ಬರು ತಾಯಂದಿರೂ ಇದ್ದರು. ಅಧ್ಯಕ್ಷರ ಮಾತಿನಲ್ಲಿ ಸುಳ್ಳೇನಿರಲಿಲ್ಲ.

“ಖರೆ ಐತ್ರಿ ಸರ್,” ಎಂದೆ. “ಅದಕ್ಕ ಮೊದಲ ಹೆಸರು ನಂದ ಬರ್ಕೊಳ್ರಿ. ಹಗರಿ ದಂಡಿ ಸಾಲಿಗೆ ಕಾಯಂ ಟೀಚರ್ ಬರೋ ಮಟ ನಾ ಹೋಗಾಕ ತಯಾರದೀನಿ. ಸಂಘದಿಂದ ಪತ್ರ ಕೊಡ್ರಿ.”

ಇದನ್ನು ಹೇಳುತ್ತೇನೆಂದು ಮನೆ ಬಿಡುವಾಗ ನನಗೂ ಗೊತ್ತಿರಲಿಲ್ಲ. ಅನುಮೋದಿಸುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಯಾರೂ ಎತ್ತಲಿಲ್ಲ. ಆಮೇಲೆ ಹಿಂದಿನ ಗೋಡೆಯ ಹತ್ತಿರ ಒಂದು ಕೈ ಎದ್ದಿತು. ಹುಲಿಗೆಮ್ಮನದು. ಅವಳು ಮೆಂಬರಲ್ಲ ಎಂದು ಯಾರೋ ಮೆಲ್ಲಗೆ ನೆನಪಿಸಿದರು. ಅಧ್ಯಕ್ಷರು ಅವಳ ಕಡೆ ಒಂದು ಕ್ಷಣ ನೋಡಿದರು.

“ಆ ಕೈ ಲೆಕ್ಕಕ್ಕ ಬರಂಗಿಲ್ಲ. ಆದ್ರ ಎತ್ಯಾಳ, ನಾವೆಲ್ಲಾ ನೋಡೀವಿ. ಅಷ್ಟು ಬರ್ಕೊಳ್ರಿ.”

ನಿರ್ಣಯ ಪಾಸಾಗಲಿಲ್ಲ. ‘ಚರ್ಚಿಸಲಾಯಿತು’ ಎಂದು ನಡಾವಳಿಯಲ್ಲಿ ಬರೆದರು. ಅತಿಥಿ ಶಿಕ್ಷಕರನ್ನು ಸಭೆಗೆ ಕರೆಯುವ ವಿಚಾರವನ್ನು ಮುಂದಿನ ಸಲಕ್ಕೆ ಇಟ್ಟರು. ಆದರೆ ನನ್ನ ವಿಷಯದ ಪತ್ರಕ್ಕೆ ಮಲ್ಲಿಕಾರ್ಜುನ ಸರ್ ಅಲ್ಲೇ ಸಹಿ ಹಾಕಿ, ತಾವೇ ಬಳ್ಳಾರಿಯ ಇಲಾಖೆ ಕಚೇರಿಗೆ ಒಯ್ದು ಕೊಟ್ಟರು. ಮನೆಯಲ್ಲಿ ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಮೊಣಕಾಲಿಗೆ ಹಚ್ಚುವ ಎಣ್ಣೆ ತಂದಿಟ್ಟರು. ಈ ನಡುವೆ ಪುಷ್ಪರಾಣಿಯಿಂದ ಧ್ವನಿ ಸಂದೇಶ ಬಂತು. ಬದಲಿ ಟೀಚರೊಬ್ಬಳು ಕೊನೆಗೂ ಬಂದಿದ್ದಳಂತೆ. ಸಹಿಯನ್ನೂ ಹಾಕಿದಳಂತೆ. ನಾಲ್ಕನೆಯ ದಿನ ಕಾಲಿಗೆ ಜಿಗಣೆ ಕಚ್ಚಿದ್ದೇ ನೆಪವಾಗಿ ಬೆಟ್ಟ ಇಳಿದು ಹೋದಳಂತೆ. ಸಹಿ ಬಿದ್ದಿತ್ತಾದ್ದರಿಂದ ಮಾತಿನ ಪ್ರಕಾರ ಇವರು ಹೋಗಬಹುದಿತ್ತು. ಪೆಟ್ಟಿಗೆ ಕಟ್ಟಿ, ಮತ್ತೆ ಬಿಚ್ಚಿದೆ ಎಂದರು.

ನನ್ನ ನಿಯೋಜನೆಯ ಆದೇಶ ಬಂತು. ವಾರಕ್ಕೆ ಮೂರು ದಿನ ಹಗರಿ ದಂಡೆ, ಉಳಿದ ದಿನ ಕುರುಗೋಡು. ಸೋಮವಾರ ಎರಡು ಬಸ್ಸು, ಒಂದು ಟಂಟಂ ಹಿಡಿದು ಇಳಿದಾಗ ಹಗರಿಯಲ್ಲಿ ನೀರಿರಲಿಲ್ಲ, ಭತ್ತದ ಗದ್ದೆಯಲ್ಲಿ ಬೆಳ್ಳಕ್ಕಿಗಳಿದ್ದವು. ನಾನು ಬಿಟ್ಟು ನಾಲ್ಕು ವರ್ಷ. ನನ್ನ ಕೈಯಲ್ಲಿ ಕಲಿತವರೆಲ್ಲ ದಾಟಿಹೋಗಿದ್ದರು. ಹುಲಿಗೆಮ್ಮ ಒಂದನೇ ಕ್ಲಾಸಿನ ಮಕ್ಕಳ ನಡುವೆ ಕೂತು ಅಕ್ಷರ ತಿದ್ದಿಸುತ್ತಿದ್ದಳು.

ಬಾಗಿಲ ಬಳಿ ಒಂದು ಹುಡುಗಿ ನಿಂತಿದ್ದಳು, ಮೂರನೇ ಕ್ಲಾಸು. ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಅಕ್ಕನ ಬಾಲ ಹಿಡಿದು ನನ್ನ ತರಗತಿಗೆ ಬಂದು ಕೂರುತ್ತಿದ್ದ ಮಗು. ಬಲಗೈ ಹಿಡಿದು ಸ್ಲೇಟಿನ ಮೇಲೆ ಅವಳ ಹೆಸರನ್ನು ಮೊಟ್ಟಮೊದಲು ಬರೆಸಿದವಳು ನಾನು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಗುರುತು ಹತ್ತಲಿಲ್ಲ.

“ನೀವು ಹೊಸ ಟೀಚರೇನ್ರೀ?”

ಹೌದು ಎಂದೆ. ಅವಳ ಮುಖ ಅರಳಿತು. ಒಳಗೆ ತಿರುಗಿ ಎಲ್ಲರಿಗೂ ಕೂಗಿ ಹೇಳಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳ ಪಕ್ಕದಲ್ಲಿ ನೆಲಕ್ಕೆ ಕೂತು, ನಿನ್ನ ಹೆಸರೇನು ಎಂದು ಕೇಳಿದೆ.